ಗಿರಿನಗರದಿಂದ ಜನಕಪುರಕ್ಕೆ

‘ದೇಶ ಸುತ್ತು, ಕೋಶ ಓದು’ ಎಂಬುದು ಕನ್ನಡಿಗರ ಬಾಯಲ್ಲಿ ತಲೆತಲಾಂತರದಿಂದ ಬಂದ ಗಾದೆ. ಸುತ್ತುವುದಕ್ಕೆ ಹಣ ಎಲ್ಲಿಂದ ಬರಬೇಕೆಂಬುದನ್ನು ಆ ಗಾದೆ ಹೇಳುವುದಿಲ್ಲ. ಅದನ್ನು ಕುರಿತ ಮಾತು ಬೇರೊಂದಿದೆ: ‘ಹಾಸಿಗೆ ಇದ್ದಷ್ಟು ಕಾಲು ಚಾಚು.’ ಒಬ್ಬನೇ ಹೊರಡುವವನಿಗೆ ಈ ಎರಡನೆಯ ಗಾದೆಯನ್ನು ಪಾಲಿಸುವುದು ಕಷ್ಟವಲ್ಲ. ಆದರೆ ಐವರು ಗೆಳೆಯರು ಒಟ್ಟಾಗಿ ಹೊರಟಾಗ ಯಾರ ಹಾಸಿಗೆಯನ್ನು ಅಳತೆಯಾಗಿ ಹಿಡಿಯಬೇಕು? ಗೆಳೆಯರ ಪ್ರವಾಸಗಳು ಅನೇಕ ವೇಳೆ ಮುರಿದು ಬೀಳುವುದು ರೈಲು ತಪ್ಪಿದ್ದರಿಂದಲ್ಲ, ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳದೆ ಇದ್ದುದರಿಂದ.

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಹೊಸಕೆರೆಹಳ್ಳಿಯ ನೆರೆಯಲ್ಲಿರುವ ಬಡಾವಣೆ ಗಿರಿನಗರ. ಅಲ್ಲಿ ಒಂದೇ ಶಾಲೆಯಲ್ಲಿ ಓದಿ, ಈಗ ಹದಿನೆಂಟು ತುಂಬಿದ ಐವರು ಗೆಳೆಯರನ್ನು ಊಹಿಸಿಕೊಳ್ಳಬಹುದು. ಮೂವರು ಕಾಲೇಜು ವಿದ್ಯಾರ್ಥಿಗಳು. ಒಬ್ಬನು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಇನ್ನೊಬ್ಬನು ನಸುಕಿನಲ್ಲೆದ್ದು ಮನೆಮನೆಗೆ ಪತ್ರಿಕೆ ಹಂಚಿ, ಸಂಜೆಯ ಕಾಲೇಜಿನಲ್ಲಿ ಓದುತ್ತಾನೆ. ರೈಲಿನಲ್ಲಿ ಕುಳಿತು ಹೊರದೇಶವೊಂದನ್ನು ನೋಡಿ ಬರಬೇಕೆಂಬ ಆಸೆ ಇವರಿಗೆ ಹುಟ್ಟಿದೆ. ಆಗಸ್ಟ್ ತಿಂಗಳ ಒಂದು ಭಾನುವಾರ ಒಬ್ಬನ ಮನೆಯ ಮಹಡಿಯ ಮೇಲೆ ಭೂಪಟವನ್ನು ಹರಡಿಕೊಂಡು ಕುಳಿತಿದ್ದಾರೆ.

ಮೊದಲು ಅವರ ಬೆರಳು ಹೋದದ್ದು ಯೂರೋಪಿಗೆ. ಇದು ಸಹಜವೇ. ರೈಲಿಗೂ ತಾರುಣ್ಯಕ್ಕೂ ಇರುವ ನಂಟನ್ನು ಜಗತ್ತಿಗೆ ತೋರಿಸಿದ್ದು ಆ ಖಂಡ. ಅಂತರರಾಷ್ಟ್ರೀಯ ರೈಲ್ವೆ ಒಕ್ಕೂಟವು 1922ರಲ್ಲಿ ಸ್ಥಾಪನೆಯಾಯಿತು. ಅದರ ಐವತ್ತನೆಯ ವರ್ಷದ ನೆನಪಿಗಾಗಿ 1972ರಲ್ಲಿ ‘ಇಂಟರ್‌ರೈಲ್’ ಎಂಬ ಪಾಸು ಹೊರಬಂದಿತು. ಇಪ್ಪತ್ತೊಂದು ವರ್ಷದವರೆಗಿನ ತರುಣ ತರುಣಿಯರು ಆ ಒಂದು ಪಾಸನ್ನು ಹಿಡಿದು ಒಂದು ತಿಂಗಳ ಕಾಲ 21 ದೇಶಗಳಲ್ಲಿ ಸಂಚರಿಸಬಹುದಾಗಿತ್ತು. ರಾತ್ರಿಯ ರೈಲಿನಲ್ಲಿಯೇ ಮಲಗಿ ವಸತಿಯ ಖರ್ಚನ್ನು ಉಳಿಸುವ ಉಪಾಯವನ್ನು ಒಂದು ಪೀಳಿಗೆಯೇ ಕಲಿತುಕೊಂಡಿತು. 2018ರಿಂದೀಚೆಗೆ ಯೂರೋಪಿಯನ್ ಒಕ್ಕೂಟವು ಹದಿನೆಂಟು ವರ್ಷದವರಲ್ಲಿ ಸಹಸ್ರಾರು ಮಂದಿಯನ್ನು ಆರಿಸಿ ಉಚಿತ ಪಾಸನ್ನೇ ಕೊಡುತ್ತಿದೆ. ಆದರೆ ಬೆಂಗಳೂರಿನ ತರುಣನು ಆ ರೈಲನ್ನು ಹತ್ತುವುದಕ್ಕೆ ಮುಂಚೆ ವಿಮಾನದ ದರವನ್ನು ತೆರಬೇಕು, ವೀಸಾ ಪಡೆಯಬೇಕು, ಬ್ಯಾಂಕಿನಲ್ಲಿ ಇಷ್ಟು ಹಣವಿದೆಯೆಂದು ತೋರಿಸಬೇಕು. ಪತ್ರಿಕೆ ಹಂಚುವ ಗೆಳೆಯನು ಭೂಪಟದಿಂದ ಕಣ್ಣೆತ್ತಿ ಸುಮ್ಮನೆ ಕುಳಿತ. ಬೆರಳು ಯೂರೋಪಿನಿಂದ ಹಿಂದಕ್ಕೆ ಸರಿಯಿತು.

ನೆರೆಯ ದೇಶಗಳಿಗೆ ರೈಲಿನಲ್ಲಿ ಹೋಗುವ ದಾರಿಗಳು ಭಾರತಕ್ಕೆ ಹಿಂದೆ ಹೆಚ್ಚಾಗಿದ್ದವು. ಪಾಂಬನ್ ಸೇತುವೆಯು 1914ರಲ್ಲಿ ಸಿದ್ಧವಾದ ಮೇಲೆ ದಕ್ಷಿಣದ ಪ್ರಯಾಣಿಕರು ಧನುಷ್ಕೋಟಿಯವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಹಡಗಿನಲ್ಲಿ ತಲೈಮನ್ನಾರನ್ನು ಸೇರಿ, ಮತ್ತೆ ರೈಲು ಹತ್ತಿ ಕೊಲಂಬೊಗೆ ಹೋಗುತ್ತಿದ್ದರು. 1964ರ ಡಿಸೆಂಬರ್‌ನ ಚಂಡಮಾರುತವು ಧನುಷ್ಕೋಟಿಯನ್ನು ಅದರ ರೈಲುನಿಲ್ದಾಣದೊಡನೆ ನಾಶಮಾಡಿತು. 1976ರಲ್ಲಿ ಪಾಕಿಸ್ತಾನದ ಕಡೆಗೆ ಹೊರಟ ಸಂಝೋತಾ ಎಕ್ಸ್‌ಪ್ರೆಸ್ 2019ರಲ್ಲಿ ನಿಂತುಹೋಯಿತು. 2008ರಲ್ಲಿ ಕೋಲ್ಕತ್ತ ಮತ್ತು ಢಾಕಾ ನಗರಗಳನ್ನು ಕೂಡಿಸಿದ ಮೈತ್ರೀ ಎಕ್ಸ್‌ಪ್ರೆಸ್ 2024ರ ಜುಲೈಯಲ್ಲಿ ಸಂಚಾರವನ್ನು ನಿಲ್ಲಿಸಿತು. ಒಂದು ದಾರಿಯನ್ನು ಗಾಳಿ ಕಡಿಯಿತು. ಉಳಿದವನ್ನು ರಾಜಕಾರಣ ಕಡಿಯಿತು.

ಕಡಿಯದೆ ಉಳಿದ ದಾರಿ ನೇಪಾಳದ್ದು. 1950ರ ಜುಲೈ 31ರಂದು ಆದ ಒಪ್ಪಂದದಿಂದಾಗಿ ಭಾರತೀಯರಿಗೆ ಆ ದೇಶವನ್ನು ಪ್ರವೇಶಿಸಲು ವೀಸಾ ಬೇಕಿಲ್ಲ. ಅಲ್ಲಿಗೆ ಪ್ರಯಾಣಿಕರ ರೈಲು ಹೊರಡುವುದು ಜಯನಗರದಿಂದ. ಈ ಹೆಸರನ್ನು ಕೇಳಿ ಗಿರಿನಗರದ ಗೆಳೆಯರು ನಕ್ಕರೆ ಆಶ್ಚರ್ಯವಿಲ್ಲ. ಅವರ ಜಯನಗರಕ್ಕೆ ಸಿಟಿ ಬಸ್ಸು ಸಾಕು. ಈ ಜಯನಗರವಾದರೋ ಬಿಹಾರದ ಮಧುಬನಿ ಜಿಲ್ಲೆಯ ಗಡಿಯ ಪಟ್ಟಣ. ಮಹೋತ್ತರಿಯ ಕಾಡುಗಳ ಮರವನ್ನು ಸಾಗಿಸುವುದಕ್ಕಾಗಿ 1937ರಲ್ಲಿ ಇಲ್ಲಿಂದ ಜನಕಪುರದ ಕಡೆಗೆ ಕಿರಿದಾದ ಹಳಿಯ ರೈಲುಮಾರ್ಗವೊಂದನ್ನು ಹಾಕಿದರು. ಕಾಡು ಕರಗಿತು, ರೈಲು ಮಾತ್ರ ಜನರನ್ನು ಹೊತ್ತು ಬಹುಕಾಲ ಓಡಿತು. 2014ರಲ್ಲಿ ಅದನ್ನು ನಿಲ್ಲಿಸಿ ಅಗಲವಾದ ಹಳಿಗಳನ್ನು ಹಾಕಲಾಯಿತು. 2022ರ ಏಪ್ರಿಲ್‌ನಿಂದ ಜಯನಗರ ಮತ್ತು ಕುರ್ಥಾ ನಡುವೆ ಸುಮಾರು 35 ಕಿಲೋಮೀಟರ್ ದೂರ ಹೊಸ ರೈಲು ಓಡತೊಡಗಿತು. ಅದರ ಡೀಸೆಲ್ ಬಂಡಿಗಳನ್ನು ನೇಪಾಳಕ್ಕೆ ಒದಗಿಸಿದ್ದು, ಕರ್ನಾಟಕದ ಕರಾವಳಿಯವರಿಗೆ ಮನೆಯ ಹೆಸರಾದ ಕೊಂಕಣ ರೈಲ್ವೆ.

ಇಷ್ಟು ದೂರದ ಊರಿಗೆ ಕನ್ನಡಿಗರಿಗೆ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧವಿದೆ, ಹಳೆಯದೂ ಹೌದು. 1097ರ ಹೊತ್ತಿಗೆ ನಾನ್ಯದೇವನೆಂಬುವನು ಮಿಥಿಲೆಯಲ್ಲಿ ರಾಜ್ಯವೊಂದನ್ನು ಸ್ಥಾಪಿಸಿದನು. ಅವನ ಮನೆತನಕ್ಕೆ ಕರ್ಣಾಟ ವಂಶವೆಂದೇ ಹೆಸರು. ಚಾಲುಕ್ಯರ ಸೇನೆಯೊಡನೆ ಉತ್ತರಕ್ಕೆ ಹೋದ ದಕ್ಷಿಣದ ಯೋಧರ ಕುಲವಿದಾಗಿರಬೇಕೆಂದು ಇತಿಹಾಸಕಾರರು ಊಹಿಸುತ್ತಾರೆ. ಆ ಅರಸರ ರಾಜಧಾನಿ ಸಿಮ್ರೌನಗಢದ ಅವಶೇಷಗಳು ಇಂದಿಗೂ ನೇಪಾಳದ ಬಾರಾ ಜಿಲ್ಲೆಯಲ್ಲಿವೆ. 1324ರಲ್ಲಿ ಘಿಯಾಸುದ್ದೀನ್ ತುಘಲಕನ ದಂಡು ಬಂದಾಗ ಕೊನೆಯ ಅರಸ ಹರಿಸಿಂಹದೇವನು ಉತ್ತರದ ಬೆಟ್ಟಗಳತ್ತ ಹೊರಟುಹೋದನು. ಕಠ್ಮಂಡುವಿನ ಪಶುಪತಿನಾಥ ದೇವಾಲಯದಲ್ಲಿ ಮುಖ್ಯ ಅರ್ಚಕರಾಗಿ ಕರ್ನಾಟಕದ ಭಟ್ಟರು ಪೂಜೆ ನಡೆಸುವ ಸಂಪ್ರದಾಯವೂ ಬಹಳ ಹಿಂದಿನಿಂದ ನಡೆದುಬಂದಿದೆ. ಆ ದೇವಾಲಯದ ಮೆಟ್ಟಿಲುಗಳನ್ನು ತೋಯಿಸಿ ಹರಿಯುವ ನದಿ ಬಾಗ್ಮತಿ. ಮೈಸೂರಿನಿಂದ ಬಿಹಾರದ ದರ್ಭಂಗಕ್ಕೆ ವಾರಕ್ಕೊಮ್ಮೆ ಹೋಗುವ ರೈಲಿಗೂ ಬಾಗ್ಮತಿ ಎಕ್ಸ್‌ಪ್ರೆಸ್ ಎಂದೇ ಹೆಸರು.

ಹೀಗೆ ಊರು ನಿಶ್ಚಯವಾಯಿತು: ಜನಕಪುರ, ಸಾಧ್ಯವಾದರೆ ಅಲ್ಲಿಂದ ಬಸ್ಸಿನಲ್ಲಿ ಕಠ್ಮಂಡು. ‘ಸಾಧ್ಯವಾದರೆ’ ಎಂಬ ಮಾತಿನಲ್ಲಿಯೇ ಜಗಳವೂ ಅಡಗಿತ್ತು. ಅಕ್ಟೋಬರ್‌ನ ದಸರೆಯ ರಜೆಯಲ್ಲಿ ಹೊರಡುವುದೆಂದು ಮೂವರ ಉತ್ಸಾಹ. ಜನಕಪುರವನ್ನಷ್ಟೇ ನೋಡಿ ಬರಲು ತಲೆಗೆ 6,000 ರೂಪಾಯಿ ಸಾಕು. ಕಠ್ಮಂಡುವೂ ಸೇರಿದರೆ ಹದಿಮೂರು ದಿನ, 9,000 ರೂಪಾಯಿ ಬೇಕು ಎಂದು ಅಂಗಡಿಯಲ್ಲಿ ಲೆಕ್ಕ ಬರೆಯುವವನು ಅಂದಾಜು ಮಾಡಿದ. ಬೆಂಗಳೂರಿನಿಂದ ಬಿಹಾರಕ್ಕೆ ಹೋಗಿಬರುವ ಸ್ಲೀಪರ್ ದರ್ಜೆಯ ದೀರ್ಘ ಪ್ರಯಾಣಕ್ಕೆ 2,200; ಚಿಕ್ಕ ರೈಲುಗಳಿಗೂ ಬಸ್ಸುಗಳಿಗೂ 1,500; ಊಟ ವಸತಿಗಳಿಗೆ 3,800; ಯಾರೂ ಮುಟ್ಟಬಾರದ ಹಣ 1,500. ದರಗಳು ಏರುತ್ತಿರುತ್ತವೆ, ಹೊರಡುವ ಮುನ್ನ ಇದನ್ನು ಮತ್ತೊಮ್ಮೆ ನೋಡಬೇಕು. ಆದರೆ ಪಟ್ಟಿಯಲ್ಲಿ ‘ಮುಟ್ಟಬಾರದ ಹಣ’ ಎಂಬ ಸಾಲನ್ನು ಬರೆದಿಟ್ಟದ್ದೇ ಅವನ ಜಾಣತನ. ಹಿಂದಿರುಗುವ ರೈಲು ತಪ್ಪಿದರೆ, ಒಬ್ಬನಿಗೆ ಜ್ವರ ಬಂದರೆ, ಆಗ ಮಾತ್ರ ಅದು ಹೊರಬರತಕ್ಕದ್ದು.

ಪತ್ರಿಕೆ ಹಂಚುವವನ ಬಳಿ ಅಕ್ಟೋಬರ್ ವೇಳೆಗೆ ಕೂಡುವುದು 6,000 ಮಾತ್ರ. ಕೊರತೆ 3,000. ಉಳಿದ ನಾಲ್ವರು ತಲಾ 750 ರೂಪಾಯಿ ಹಾಕಿದರೆ ತೀರಿಹೋಗುತ್ತದೆಂದು ಅವರು ಹೇಳಿದರು. ಹೇಳಿದ್ದು ಪ್ರೀತಿಯಿಂದಲೇ. ಅವನು ಒಪ್ಪಲಿಲ್ಲ. ಇದನ್ನು ಬರಿಯ ಅಭಿಮಾನವೆಂದು ತಳ್ಳಿಹಾಕುವುದು ಸರಿಯಲ್ಲ. ಪ್ರವಾಸದಲ್ಲಿ ದಿನಕ್ಕೆ ಹತ್ತಾರು ಚಿಕ್ಕ ತೀರ್ಮಾನಗಳಿರುತ್ತವೆ: ನಡೆದು ಹೋಗಬೇಕೆ, ರಿಕ್ಷಾ ಹಿಡಿಯಬೇಕೆ? ಧರ್ಮಶಾಲೆಯೆ, ಹೋಟೆಲೆ? ತನ್ನ ಪಾಲಿನ ಹಣವನ್ನು ತಾನೇ ತಂದವನು ‘ರಿಕ್ಷಾ ಬೇಡ’ ಎಂದು ಧೈರ್ಯವಾಗಿ ಹೇಳಬಲ್ಲ. ಇತರರಿಂದ ಪಡೆದವನು ಬಾಯಿ ಮುಚ್ಚಿಕೊಂಡು ಹಿಂದೆ ನಡೆಯುತ್ತಾನೆ. ಹಣದೊಡನೆ ಅವನ ಮತವೂ ಕೈಬಿಟ್ಟುಹೋಗುತ್ತದೆ. ಐವರು ಹೊರಟ ಪ್ರವಾಸ ಆಗ ನಾಲ್ವರದಾಗಿ, ಐದನೆಯವನು ಅವರ ಅತಿಥಿಯಾಗುತ್ತಾನೆ.

ಮತ್ತೊಂದು ದಾರಿಯನ್ನು ಸೂಚಿಸಿದವನೂ ಅವನೇ. ಅವನು ತಿಂಗಳಿಗೆ 750 ರೂಪಾಯಿ ಉಳಿಸಬಲ್ಲ. ಅಕ್ಟೋಬರ್‌ನಿಂದ ಫೆಬ್ರವರಿಗೆ ನಾಲ್ಕು ತಿಂಗಳು. ಫೆಬ್ರವರಿಯಲ್ಲಿ ಹೊರಟರೆ ಅವನ ಕೈಯಲ್ಲೂ 9,000 ಇರುತ್ತದೆ. ಆದರೆ ಇನ್ನೊಂದು ತೊಡಕು ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಹದಿಮೂರು ದಿನ ಪತ್ರಿಕೆ ಹಂಚದಿದ್ದರೆ ಅಷ್ಟು ದಿನದ ಸಂಪಾದನೆಯೂ ಹೋಗುತ್ತದೆ. ಕೆಲಸವೇ ಬೇರೊಬ್ಬನ ಪಾಲಾಗಲೂಬಹುದು. ಕಾಲೇಜಿನವರಿಗೆ ರಜೆಯೆಂದರೆ ಬಿಡುವು. ದುಡಿಯುವವನಿಗೆ ರಜೆಯೂ ಒಂದು ಖರ್ಚು. ಅದೇ ಬೀದಿಯಲ್ಲಿ ಪತ್ರಿಕೆ ಹಂಚುವ ಇನ್ನೊಬ್ಬ ಹುಡುಗನು ಆ ದಿನಗಳಲ್ಲಿ ಅವನ ಮನೆಗಳನ್ನೂ ನೋಡಿಕೊಳ್ಳುವುದು, ಬೇಸಗೆಯಲ್ಲಿ ಅವನು ಊರಿಗೆ ಹೋದಾಗ ಇವನು ಅವನ ಮನೆಗಳನ್ನು ನೋಡಿಕೊಳ್ಳುವುದು ಎಂದು ಒಪ್ಪಂದವಾಯಿತು. ಅತ್ಯಂತ ಕಡಿಮೆ ಹಣವಿದ್ದವನ ಅಳತೆಗೆ ಯೋಜನೆಯನ್ನು ಹೊಂದಿಸಿದ್ದರಿಂದ ಕಠ್ಮಂಡುವನ್ನು ಕೈಬಿಡಬೇಕಾಗಲಿಲ್ಲ. ನಾಲ್ಕು ತಿಂಗಳು ಕಾಯಬೇಕಾಯಿತು, ಅಷ್ಟೆ.

ಕಾದದ್ದು ಬೇರೆ ರೀತಿಯಿಂದಲೂ ಒಳ್ಳೆಯದೇ ಆಯಿತು. ದಸರೆ, ದೀಪಾವಳಿ, ಅದಾದ ಆರು ದಿನಕ್ಕೆ ಬರುವ ಛಠ್ ಹಬ್ಬ: ಈ ಅವಧಿಯಲ್ಲಿ ಬಿಹಾರದ ರೈಲುಗಳಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಬೆಂಗಳೂರಿನ ಕಟ್ಟಡಗಳಲ್ಲಿ ಗಾರೆ ಹೊತ್ತು, ಹೋಟೆಲುಗಳಲ್ಲಿ ದುಡಿದು, ವರ್ಷಕ್ಕೊಮ್ಮೆ ತಾಯಿಯ ಮುಖ ನೋಡಲು ಹೋಗುವವರು ಆ ರೈಲುಗಳನ್ನು ತುಂಬಿರುತ್ತಾರೆ. ವಿಹಾರಕ್ಕೆ ಹೊರಟವನು ಆ ವಾರ ಅವರಿಗೆ ದಾರಿ ಬಿಡುವುದು ಮರ್ಯಾದೆ. ಡಿಸೆಂಬರ್, ಜನವರಿಗಳಲ್ಲಿ ಗಂಗೆಯ ಬಯಲಿನಲ್ಲಿ ದಟ್ಟವಾದ ಮಂಜು ಕವಿದು ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಗಾಳಿ. ಮಳೆಗಾಲದಲ್ಲಿ ಬಾಗ್ಮತಿ, ಕಮಲಾ, ಕೋಸಿ ನದಿಗಳು ಉಕ್ಕಿ ಹಳ್ಳಿಗಳನ್ನೂ ಹಳಿಗಳನ್ನೂ ಮುಳುಗಿಸುತ್ತವೆ. ಮಂಜು ತೆಳುವಾಗಿ, ಬಿಸಿಲು ಇನ್ನೂ ಏರದ ಫೆಬ್ರವರಿಯ ಉತ್ತರಾರ್ಧವೇ ಈ ಪಯಣಕ್ಕೆ ತಕ್ಕ ಕಾಲ.

ಭಾರತೀಯ ರೈಲ್ವೆಯು 2024ರ ನವೆಂಬರ್‌ನಿಂದ ಆಸನಗಳನ್ನು ಅರುವತ್ತು ದಿನಗಳ ಮುಂಚೆ ಕಾಯ್ದಿರಿಸಲು ಅವಕಾಶ ಕೊಡುತ್ತಿದೆ. ಅದಕ್ಕೆ ಮೊದಲು ಈ ಅವಧಿ ನೂರಿಪ್ಪತ್ತು ದಿನಗಳಷ್ಟಿತ್ತು. ಒಂದು ಟಿಕೆಟ್ಟಿನಲ್ಲಿ ಆರು ಹೆಸರುಗಳಿರಬಹುದಾದ್ದರಿಂದ ಐವರಿಗೂ ಒಂದೇ ಟಿಕೆಟ್ಟು ಸಾಕು. ಹೋಗುವ ಟಿಕೆಟ್ಟಿನಷ್ಟೇ ಎಚ್ಚರದಿಂದ ಬರುವ ಟಿಕೆಟ್ಟನ್ನೂ ಅದರ ಅರುವತ್ತನೆಯ ದಿನದಂದೇ ಕೊಳ್ಳಬೇಕು. ಹೋಗುವ ಉತ್ಸಾಹದಲ್ಲಿ ತರುಣರು ಮರೆಯುವುದು ಇದನ್ನೇ. ಇನ್ನೊಂದು ವಿಷಯ: ದೂರ ಹೆಚ್ಚಿದಂತೆ ಕಿಲೋಮೀಟರಿಗೆ ಬೀಳುವ ದರ ಕಡಿಮೆಯಾಗುವುದು ರೈಲಿನ ಪದ್ಧತಿ. ಆದ್ದರಿಂದ ದಾರಿಯನ್ನು ತುಂಡುತುಂಡಾಗಿ ಮಾಡಿ ನಾಲ್ಕು ಟಿಕೆಟ್ಟು ಕೊಳ್ಳುವುದಕ್ಕಿಂತ ಒಂದೇ ದೀರ್ಘ ಟಿಕೆಟ್ಟು ಅಗ್ಗ.

ಆ ದೀರ್ಘ ರೈಲು ಸಂಘಮಿತ್ರಾ ಎಕ್ಸ್‌ಪ್ರೆಸ್. ಅದು ಹೊರಡುವುದು ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ. ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಹೇಗಿರಬೇಕೆಂದು 1934ರಷ್ಟು ಹಿಂದೆಯೇ ಪುಸ್ತಕ ಬರೆದವರ ಹೆಸರಿನ ನಿಲ್ದಾಣದಿಂದ, ಯೋಜನೆ ಮಾಡಿಕೊಂಡ ತರುಣರು ಹೊರಡುವುದು ಉಚಿತವಾಗಿಯೇ ಇದೆ. ಗಿರಿನಗರಕ್ಕೆ ಅದು ನಗರದ ಇನ್ನೊಂದು ಕೊನೆ. ಬೆಳಗಿನ ರೈಲಿಗೆ ನಸುಕಿನಲ್ಲೇ ಮನೆ ಬಿಡಬೇಕು. ಜೋಲಾರಪೇಟೆಯವರೆಗೆ ರೈಲು ಸಾಗುವುದು 1864ರಲ್ಲಿ ಬೆಂಗಳೂರಿಗೆ ಮೊದಲ ಬಾರಿಗೆ ರೈಲನ್ನು ತಂದ ಮಾರ್ಗದಲ್ಲಿ. ಅಲ್ಲಿಂದ ಮುಂದೆ ವಿಜಯವಾಡ, ನಾಗಪುರ, ಇಟಾರ್ಸಿ, ಜಬಲ್ಪುರಗಳನ್ನು ಹಾದು, ಎಂಟು ರಾಜ್ಯಗಳಲ್ಲಿ ಸುಮಾರು 2,700 ಕಿಲೋಮೀಟರ್ ಓಡಿ, ಎರಡು ರಾತ್ರಿಗಳನ್ನು ಕಳೆದು, ಮೂರನೆಯ ದಿನ ಪಾಟ್ನಾದ ಪಕ್ಕದ ದಾನಾಪುರವನ್ನು ಸೇರುತ್ತದೆ. ಅದಕ್ಕೆ ಸ್ವಲ್ಪ ಮೊದಲು ಕೋಯಿಲ್‌ವಾರ್ ಎಂಬಲ್ಲಿ ಶೋಣಾ ನದಿಯನ್ನು ದಾಟುವ ಸೇತುವೆ 1862ರದು. ದಾನಾಪುರದಿಂದ ಬೇರೊಂದು ರೈಲಿನಲ್ಲಿ ಗಂಗೆಯನ್ನು ದಾಟಿ, ದರ್ಭಂಗ, ಮಧುಬನಿಗಳ ಮೂಲಕ ಜಯನಗರ.

ಗಡಿಯಲ್ಲಿ ವೀಸಾ ಬೇಡವೆಂದ ಮಾತ್ರಕ್ಕೆ ಗುರುತಿನ ಪತ್ರವೂ ಬೇಡವೆಂದಲ್ಲ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇರಬೇಕು. ಹದಿನೈದರಿಂದ ಅರುವತ್ತೈದರ ನಡುವಿನ ವಯಸ್ಸಿನವರಿಗೆ ಆಧಾರ್ ಕಾರ್ಡು ಸಾಲದು. ಈಗತಾನೆ ಹದಿನೆಂಟು ತುಂಬಿದವರಲ್ಲಿ ಇಬ್ಬರ ಬಳಿ ಆಧಾರ್ ಮಾತ್ರವಿದೆ. ಅವರು ಮತದಾರರ ಪಟ್ಟಿಗೆ ತಿಂಗಳುಗಳ ಮೊದಲೇ ಅರ್ಜಿ ಹಾಕಿಕೊಳ್ಳಬೇಕು. ಹದಿನೈದು ತುಂಬಿ ಹದಿನೆಂಟು ಆಗದವರಿಗೆ ಶಾಲೆಯ ಮುಖ್ಯಸ್ಥರು ನಿಗದಿಯಾದ ನಮೂನೆಯಲ್ಲಿ ಕೊಡುವ ಗುರುತಿನ ಪ್ರಮಾಣಪತ್ರ ನಡೆಯುತ್ತದೆ ಎಂಬುದು ಒಂಬತ್ತನೆಯ ತರಗತಿಯವರು ತಿಳಿದಿರಬೇಕಾದ ಸಂಗತಿ.

ಹಣದ ವಿನಿಮಯ ಸರಳ: 1993ರಿಂದ ಭಾರತದ 100 ರೂಪಾಯಿಗೆ ನೇಪಾಳದ 160 ರೂಪಾಯಿ. ಆದರೆ ನೂರಕ್ಕಿಂತ ದೊಡ್ಡದಾದ ಭಾರತೀಯ ನೋಟುಗಳನ್ನು ನೇಪಾಳವು 2018ರ ಡಿಸೆಂಬರ್‌ನಲ್ಲಿ ನಿಷೇಧಿಸಿತ್ತು. ಆ ನಿಯಮ ಆಗಾಗ ಬದಲಾಗುತ್ತಿರುವುದರಿಂದ ನೂರರ ನೋಟುಗಳನ್ನೇ ಒಯ್ಯುವುದು ಕ್ಷೇಮ. ಐವರ ಹಣ ಒಬ್ಬನ ಜೇಬಿನಲ್ಲಿರಬಾರದು. ಲೆಕ್ಕ ಮಾತ್ರ ಒಂದೇ ಪುಸ್ತಕದಲ್ಲಿರಬೇಕು. ಪ್ರತಿ ರಾತ್ರಿ ಮಲಗುವ ಮುನ್ನ ಅದನ್ನು ಎಲ್ಲರಿಗೂ ಕೇಳುವಂತೆ ಓದಬೇಕೆಂದು ಗೆಳೆಯರು ಗೊತ್ತುಮಾಡಿಕೊಂಡರು. ಗಡಿಯಾಚೆಯ ಗಡಿಯಾರ ಭಾರತದ್ದಕ್ಕಿಂತ ಕಾಲುಗಂಟೆ ಮುಂದಿರುತ್ತದೆ. ದಿನಕ್ಕೆ ಕೆಲವೇ ರೈಲುಗಳಿರುವ ಮಾರ್ಗದಲ್ಲಿ ಆ ಹದಿನೈದು ನಿಮಿಷಗಳನ್ನು ಮರೆತವನು ನಿಲ್ದಾಣದಲ್ಲೇ ಉಳಿಯಬೇಕಾದೀತು.

ಊಟದ ವಿಷಯದಲ್ಲಿ ಕನ್ನಡಿಗರು ಮಿಥಿಲೆಯಲ್ಲಿ ಪರಕೀಯರಾಗುವುದಿಲ್ಲ. ಮೊದಲೆರಡು ದಿನಕ್ಕೆ ಮನೆಯ ಚಪಾತಿ, ಚಟ್ನಿಪುಡಿ, ಕೋಡುಬಳೆಗಳು ಸಾಕು. ಆಮೇಲೆ ಅಲ್ಲಿನವರು ಅಕ್ಕರೆಯಿಂದ ತಿನ್ನುವ ದಹಿ-ಚೂಡಾ ಇದೆ. ಹೆಸರು ಬೇರೆಯಾದರೂ ಅದು ಮೊಸರವಲಕ್ಕಿಯೇ. ಹುರಿದ ಕಡಲೆಯ ಹಿಟ್ಟನ್ನು ಅವರು ಸತ್ತು ಎನ್ನುತ್ತಾರೆ. ನೀರಿನಲ್ಲಿ ಕಲಸಿ ಕುಡಿದರೆ ಮಧ್ಯಾಹ್ನದ ಹಸಿವು ಅಡಗುತ್ತದೆ. ಭಾಷೆ ಮೈಥಿಲಿ, 2003ರ ತಿದ್ದುಪಡಿಯಿಂದ ಅದಕ್ಕೆ ಭಾರತದ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಸ್ಥಾನ ದೊರೆಯಿತು. ಗಡಿಯ ಎರಡು ಕಡೆಗಳಲ್ಲೂ ಅದೇ ಮಾತು, ಅದೇ ಗೋಡೆಚಿತ್ರಗಳು, ಮದುವೆಯ ಸಂಬಂಧಗಳೂ ಹಾಗೆಯೇ. ಇನರ್ವಾ ನಿಲ್ದಾಣ ಬಂದಾಗ ದೇಶ ಬದಲಾಯಿತೆಂದು ಫಲಕ ನೋಡಿ ತಿಳಿಯಬೇಕು.

ಜನಕಪುರದ ಜಾನಕಿ ಮಂದಿರವನ್ನು ಕಟ್ಟಿಸಿದವಳು ಇಂದಿನ ಮಧ್ಯಪ್ರದೇಶದ ಟೀಕಮ್‌ಗಢದ ರಾಣಿ ವೃಷಭಾನು. ಕಳೆದ ಶತಮಾನದ ಆರಂಭದಲ್ಲಿ ಮುಗಿದ ಆ ಬಿಳಿಯ ಕಟ್ಟಡಕ್ಕೆ ಒಂಬತ್ತು ಲಕ್ಷ ರೂಪಾಯಿ ವೆಚ್ಚವಾಯಿತೆಂದು ಪ್ರತೀತಿ. ಅದರಿಂದಲೇ ನೌಲಖಾ ಮಂದಿರವೆಂಬ ಇನ್ನೊಂದು ಹೆಸರು. ಅದರ ಅಂಗಳದಲ್ಲಿ ಒಂದು ದಿನವನ್ನಾದರೂ ನಿಧಾನವಾಗಿ ಕಳೆಯುವುದು ಯೋಜನೆಯಲ್ಲಿದೆ. ಅಲ್ಲಿಂದ ಕಠ್ಮಂಡುವಿಗೆ ರೈಲಿಲ್ಲ. ಬರ್ದಿಬಾಸ್, ಸಿಂಧುಲಿಗಳ ಮೂಲಕ ಜಪಾನಿನ ನೆರವಿನಿಂದ ನಿರ್ಮಾಣವಾದ ಬೆಟ್ಟದ ಹೆದ್ದಾರಿಯಲ್ಲಿ ಬಸ್ಸುಗಳು ಸಾಗುತ್ತವೆ. 2024ರ ಸೆಪ್ಟೆಂಬರ್‌ನ ಪ್ರವಾಹದಲ್ಲಿ ಆ ರಸ್ತೆ ಬಹಳವಾಗಿ ಕೊಚ್ಚಿಹೋಯಿತು. ಆದುದರಿಂದ ಹದಿಮೂರು ದಿನಗಳಲ್ಲಿ ಒಂದನ್ನು ಗೆಳೆಯರು ಯಾವ ಊರಿಗೂ ಹಂಚದೆ ಖಾಲಿ ಬಿಟ್ಟಿದ್ದಾರೆ. ರಸ್ತೆ ಚೆನ್ನಾಗಿದ್ದರೆ ಅದು ಹಿಂದಿರುಗುವಾಗ ಪಾಟ್ನಾ ನಗರಕ್ಕೆ ಸಲ್ಲುತ್ತದೆ. ಜಯನಗರದ ರೈಲುಮಾರ್ಗ 2023ರಲ್ಲಿ ಕುರ್ಥಾದಿಂದ ಭಂಗಹಾವರೆಗೆ ಮುಂದುವರಿಯಿತು. ಬರ್ದಿಬಾಸ್‌ವರೆಗೆ ಕೊಂಡೊಯ್ಯುವುದು ಆ ಯೋಜನೆಯ ಮೂರನೆಯ ಹಂತ. ಅದು ಮುಗಿದಾಗ ಲೆಕ್ಕದ ಪುಸ್ತಕದಲ್ಲಿ ಬಸ್ಸಿನ ಸಾಲಿಗೆ ಇಟ್ಟ ಹಣದಲ್ಲಿ ಒಂದಿಷ್ಟು ರೈಲಿನ ಸಾಲಿಗೆ ಹೋಗುತ್ತದೆ.